ಡಿ ಡ್ರೈವಿನಲ್ಲೊಂದು ಟ್ರಂಕು

ರಾಯಚೂರಿನಿಂದ ದೇವದುರ್ಗಕ್ಕೆ ಹೊರಡುವ ಬೆಳಗಿನ ಬಸ್ಸಿನಲ್ಲಿ ನಾನು ಅವರನ್ನು ಮೊದಲ ಸಲ ಕಂಡಾಗ ಅವರು ಕಂಡಕ್ಟರನ ಜೊತೆ ವಾದಕ್ಕಿಳಿದಿದ್ದರು. ಅವರ ಪಕ್ಕದ ಸೀಟಿನ ಮೇಲೆ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಸಾಮಾನೊಂದಿತ್ತು.

"ಅದನ್ನ ಮ್ಯಾಲಿಡ್ರಿ. ಮಂದಿ ನಿಂತಾರ."

"ಮ್ಯಾಲಿಟ್ರ ಗಬ್ಬೂರು ಮುಟ್ಟೋದ್ರಾಗ ಸಾಯತದಪ್ಪ. ತೊಡಿ ಮ್ಯಾಲೆ ಇಟ್ಕೊಂತೀನಿ ಬಿಡು."

"ಏನದರೀ, ಕೂಸೇನು?"

"ಕೂಸಿನಂಗ."

ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ನಿಂತಿದ್ದ ನನ್ನನ್ನು "ಬರ್ರಿ ಅಕ್ಕಾರ" ಎಂದು ಕೂರಿಸಿಕೊಂಡರು. ಟವೆಲ್ಲಿನೊಳಗೆ ಇದ್ದದ್ದು ಅವರ ಮನೆಯ ಕೆಟ್ಟ ಕಂಪ್ಯೂಟರಿನಿಂದ ಬಿಚ್ಚಿ ತೆಗೆದ ಹಾರ್ಡ್ ಡಿಸ್ಕು, ಅವರ ಪಾಠದ ಟಿಪ್ಪಣಿಗಳೆಲ್ಲ ಅದರಲ್ಲೇ ಇದ್ದವು. ನಾನು ಪಾಠ ಮಾಡುವ ಕಾಲೇಜಿಗೇ ಅವರು ಕಂಪ್ಯೂಟರ್ ವಿಷಯದ ಅತಿಥಿ ಉಪನ್ಯಾಸಕಿಯಾಗಿ ಸೇರಲು ಹೊರಟಿದ್ದರು. ಪ್ರತಿ ವರ್ಷ ಅರ್ಜಿ ಹಾಕಿ ಪ್ರತಿ ವರ್ಷ ಹೊಸದಾಗಿ ಸೇರುವ ಕೆಲಸ ಅದು. ಹೊಸ ಕೆಲಸಕ್ಕೆ ಸೇರಲು ಹೋಗುವವರು ಇಸ್ತ್ರಿ ಕೆಡದಂತೆ ಸೀರೆಯ ಸೆರಗು ಹಿಡಿದುಕೊಂಡು ಕೂರುವುದನ್ನು ನೋಡಿದ್ದೇನೆ. ಇವರು ಹಾರ್ಡ್ ಡಿಸ್ಕ್ ಹಿಡಿದುಕೊಂಡು ಕೂತಿದ್ದರು.

ಆಮೇಲೆ ಕೆಲವು ವರ್ಷ ನಾವಿಬ್ಬರೂ ಅದೇ ಬಸ್ಸಿನಲ್ಲಿ ಹೋಗಿ ಬಂದೆವು. ವಿದ್ಯಾರ್ಥಿಗಳಿಗೆ ನಾನು ಕನ್ನಡ ಮೇಡಂ, ಅವರು ಕಂಪ್ಯೂಟರ್ ಮೇಡಂ. ಗಿಲ್ಲೆಸುಗೂರಿನವರು. ತಾಯಿ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗಿ ಮಗಳನ್ನು ಓದಿಸಿದ್ದರು. ಊರಿನ ಮನೆಯ ಗೋಡೆಯ ಮೇಲೆ ಬುದ್ಧನ ಒಂದು ಪಟ ಬಿಟ್ಟರೆ ಬೇರೆ ದೇವರಿರಲಿಲ್ಲ. ಇಷ್ಟು ಮರೆವಿನ ಹೆಂಗಸನ್ನು ನಾನು ಕಂಡಿಲ್ಲ. ಛತ್ರಿ, ಕನ್ನಡಕದ ಡಬ್ಬಿ, ಊಟದ ಡಬ್ಬಿಯ ಮುಚ್ಚಳ ಎಲ್ಲವೂ ದೇವದುರ್ಗದ ಡಿಪೋದಲ್ಲಿ ಒಂದಲ್ಲ ಒಂದು ದಿನ ಅವರಿಗಾಗಿ ಕಾಯುತ್ತಿರುತ್ತಿದ್ದವು. ತಡವಾಗಿ ಬಂದರೆ ತಪ್ಪು ಯಾವಾಗಲೂ ಗಡಿಯಾರದ್ದು. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರೆಂದರೆ ಹಿಂದಿನ ಸೀಟಿನ ತನಕ ಹಂಚಿ ಕೊನೆಗೆ ತಮಗೇ ಸಾಲದೆ ನನ್ನ ಡಬ್ಬಿಗೆ ಕೈ ಹಾಕುತ್ತಿದ್ದರು.

ಮನುಷ್ಯರಿಗೆಲ್ಲ ರೀ, ಅಪ್ಪಾ, ಅವ್ವಾ ಎಂದು ಹಚ್ಚಿ ಮಾತಾಡುವವರು ಕಂಪ್ಯೂಟರಿಗೆ ಮಾತ್ರ "ಲೇ" ಎನ್ನುತ್ತಿದ್ದರು. "ಏಳಲೇ, ಎಷ್ಟೊತ್ತು ಮಲಗತಿ?" ಎಂದು ಅದರ ಬೆನ್ನಿಗೊಂದು ಹಗುರ ಏಟು. ನಮ್ಮ ಲ್ಯಾಬಿನ ಯಂತ್ರಗಳು ಏಳುವ ಹೊತ್ತಿಗೆ ಒಂದು ಚಹಾ ಕುಡಿದು ಬರಬಹುದಿತ್ತು. ಅವು ಕಚೇರಿ ಕೆಲಸಕ್ಕೂ ಆನ್‌ಲೈನ್ ಪರೀಕ್ಷೆಗೂ ಎಂದು ಬಂದಿದ್ದ ವಿಂಡೋಸ್ ಕಂಪ್ಯೂಟರುಗಳು. ಅವುಗಳಿಗೆ ಹೊಸದಾಗಿ ಏನನ್ನೂ ಹಾಕುವಂತಿರಲಿಲ್ಲ, ಇದ್ದದ್ದನ್ನು ತೆಗೆಯುವಂತಿರಲಿಲ್ಲ. ಪ್ರೋಗ್ರಾಮ್ ಬರೆಯುವುದನ್ನು ಕಲಿಸಬೇಕಾದವರಿಗೆ ಅದನ್ನು ಬರೆಸುವ ಸಾಧನವೇ ಇಲ್ಲ. ಸೇರಿದ ವಾರದಲ್ಲೇ ಅವರು ಪ್ರಾಂಶುಪಾಲರ ಕೋಣೆಗೆ ಹೋದರು. ನಾನೂ ಬೇರೆ ಕೆಲಸಕ್ಕೆ ಅಲ್ಲೇ ಕೂತಿದ್ದೆ.

"ಮೇಡಂ, ಅವುಗಳ ತಂಟಿಗೆ ಹೋಗಬ್ಯಾಡ್ರಿ," ಎಂದರು ಪ್ರಾಂಶುಪಾಲರು. ಒಳ್ಳೆಯವರು, ಆದರೆ ಹೆದರಿಕೆಯವರು. "ನಾಳೆ ಏನರ ಆದ್ರ ನನ್ನ ಕೇಳತಾರ."

"ಮುಟ್ಟಂಗಿಲ್ಲ ಸರ್. ವಿಂಡೋಸಿನ ಒಂದು ಅಕ್ಷರ ಸೈತ ಬದಲ ಮಾಡಂಗಿಲ್ಲ. ಮಾತು ಕೊಡತೀನಿ."

"ಮತ್ತ ಹ್ಯಾಂಗ ಕಲಸ್ತೀರಿ?"

ಕೊರಳಿಗೆ ದಾರದಲ್ಲಿ ಕಟ್ಟಿ ಹಾಕಿಕೊಂಡಿದ್ದ ಪೆನ್‌ಡ್ರೈವ್ ಎತ್ತಿ ತೋರಿಸಿದರು.

ಅದರೊಳಗೆ ಲಿನಕ್ಸ್ ಇತ್ತು, ವಿಂಡೋಸಿನ ಹಾಗೆಯೇ ಯಂತ್ರವನ್ನು ನಡೆಸುವ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ವ್ಯವಸ್ಥೆ. ಅದನ್ನು ಸಿಕ್ಕಿಸಿ ಯಂತ್ರವನ್ನು ಚಾಲೂ ಮಾಡಿದರೆ ಯಂತ್ರ ತನ್ನೊಳಗಿನ ವಿಂಡೋಸನ್ನು ಎಬ್ಬಿಸದೆ ಪೆನ್‌ಡ್ರೈವಿನಿಂದಲೇ ಏಳುತ್ತಿತ್ತು. ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗುತ್ತಿರಲಿಲ್ಲ. ಮುಗಿಸಿ ಪೆನ್‌ಡ್ರೈವ್ ಕಿತ್ತರೆ ಏನೂ ಆಗಿಲ್ಲವೆಂಬಂತೆ ಮತ್ತೆ ಮೊದಲಿನ ಯಂತ್ರ. ವಿದ್ಯಾರ್ಥಿಗಳಿಗೆಲ್ಲ ಅವರವರ ಪೆನ್‌ಡ್ರೈವಿನಲ್ಲಿ ಅದನ್ನು ತುಂಬಿಕೊಟ್ಟರು. ಕೀಲಿಮಣೆ ಮುಟ್ಟಲೂ ಅಂಜುತ್ತಿದ್ದ ಮಕ್ಕಳಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ನೀವ ಏನ ಕೆಡಿಸಿದ್ರೂ ಇದು ಕೆಡಂಗಿಲ್ಲ. ಬಂದ್ ಮಾಡಿ ಚಾಲೂ ಮಾಡ್ರಿ, ಮತ್ತ ಹೊಸಾದು. ಹೆದರಬ್ಯಾಡ್ರಿ."

ಆ ಮಾತಿಗೆ ಅವರು ಮರುಗುವ ದಿನವೂ ಬಂತು.

ತರಗತಿಯಲ್ಲಿ ಕೃಷ್ಣೆಯ ದಂಡೆಯ ಗೂಗಲ್ ಊರಿನ ಒಬ್ಬ ಹುಡುಗಿ ಇದ್ದಳು. ಮೊದಲ ದಿನ ಎಲ್ಲಿಂದ ಬರುತ್ತಿ ಎಂದು ಕೇಳಿದಾಗ ಅವಳು "ಗೂಗಲ್ಲಿಂದ" ಅಂದಳು. ಕಂಪ್ಯೂಟರ್ ತರಗತಿಯಲ್ಲಿ ಆ ಹೆಸರು ಕೇಳಿದರೆ ನಗದೆ ಇರುತ್ತಾರೆಯೇ? ಇಡೀ ಲ್ಯಾಬು ನಕ್ಕಿತು. ಹುಡುಗಿ ತಲೆ ತಗ್ಗಿಸಿದಳು. ಮೇಡಂ, "ಯಾಕ ನಗತೀರಿ? ಇವರೂರು ಮೊದಲ ಹುಟ್ಟೇದ. ನಿಮ್ಮ ಫೋನಿನಾಗ ಇರೋದು ಆಮ್ಯಾಲೆ ಹುಟ್ಟೇದ," ಎಂದರು. ಅವತ್ತಿನಿಂದ ಹುಡುಗಿ ಮುಂದಿನ ಬೆಂಚು ಬಿಟ್ಟು ಕದಲಲಿಲ್ಲ.

ಅವಳು ತಮ್ಮೂರಿನ ನೀರೆತ್ತುವ ಮೋಟರುಗಳ ಸರದಿಯನ್ನು ಹೇಳುವ ಒಂದು ಪ್ರೋಗ್ರಾಮ್ ಬರೆಯಲು ಹಿಡಿದಿದ್ದಳು. ಯಾರ ಹೊಲಕ್ಕೆ ಯಾವಾಗ ನೀರು ಎಂಬುದಕ್ಕೆ ದಿನಾ ಆಗುವ ಜಗಳ ತಪ್ಪಲಿ ಎಂದು. ಒಂದು ಮಧ್ಯಾಹ್ನ ಬಹಳ ಹೊತ್ತು ಕೂತು ಅದನ್ನು ಒಂದು ಹಂತಕ್ಕೆ ತಂದಳು. ಮೇಡಂ ಬೇರೊಂದು ಯಂತ್ರದ ಬಳಿ ಇದ್ದರು. ಕರೆಂಟು ಹೋಯಿತು. ಬಂದಮೇಲೆ ಚಾಲೂ ಮಾಡಿದರೆ ಹೊಸಾದು, ಖಾಲಿ. ಫೈಲನ್ನು ಉಳಿಸಿದ್ದೆ ಎಂದು ಅವಳು ಹೇಳುತ್ತಲೇ ಇದ್ದಳು. ಉಳಿಸಿದ್ದಳು ನಿಜ, ಆದರೆ ಎಲ್ಲಿ ಉಳಿಸಿದ್ದಳೋ ಆ ಜಾಗವೇ ಕರೆಂಟಿನ ಜೊತೆ ಹೋಗುವಂಥದ್ದು. ಆ ರೀತಿಯ ಲಿನಕ್ಸಿಗೆ ನೆನಪಿಲ್ಲ. ಪ್ರತಿ ಸಲ ಅದು ಹೊಸದಾಗಿ ಹುಟ್ಟುತ್ತದೆ.

"ನನ್ನ ಕೈಲಿ ಆಗಂಗಿಲ್ಲ ಬಿಡ್ರಿ ಮೇಡಂ," ಎಂದು ಚೀಲ ಎತ್ತಿಕೊಂಡು ಹುಡುಗಿ ಹೊರಟುಬಿಟ್ಟಳು. ಮರುದಿನ ಬರಲಿಲ್ಲ. ಅದರ ಮರುದಿನವೂ.

ಆ ಸಂಜೆಗಳಲ್ಲಿ ಬಸ್ಸಿನಲ್ಲಿ ಮೇಡಂ ಡಬ್ಬಿ ಬಿಚ್ಚಲಿಲ್ಲ. "ಹೆದರಬ್ಯಾಡ ಅಂತ ಹೇಳಿ ಹೇಳಿ ಅಕಿನ್ನ ಕೆಡವಿದೆ ಅಕ್ಕಾರ. ಕೆಡಂಗಿಲ್ಲ ಅಂದ್ರ ಉಳೀತದ ಅಂತ ಅಲ್ಲ. ಅದನ್ನ ಬಿಡಿಸಿ ಹೇಳಲಿಲ್ಲ ನಾ." ಮೂರನೆಯ ದಿನ ತಾವೇ ಗೂಗಲ್ಲಿಗೆ ಹೋಗಿ ಹುಡುಗಿಯನ್ನು ಕರೆತಂದರು. ಅಲ್ಲಿ ಏನು ಮಾತಾಡಿದರೋ ಗೊತ್ತಿಲ್ಲ. ಅಲ್ಲಮಪ್ರಭುವಿನ ಗುಡಿಯ ಕಟ್ಟೆಯ ಮೇಲೆ ಕೂತು ಹೊಳೆ ನೋಡಿದೆವು ಅಷ್ಟೇ ಎಂದರು.

ಹುಡುಗಿ ಬಂದಳು. ಆದರೆ ಬರೆದದ್ದನ್ನು ಇಡುವುದೆಲ್ಲಿ? ಪೆನ್‌ಡ್ರೈವಿನಲ್ಲೇ ಇಡಿಸಿ ನೋಡಿದರು. ಅಗ್ಗದ ಪೆನ್‌ಡ್ರೈವುಗಳು, ಸಣ್ಣವು. ಬರೆದೂ ಬರೆದೂ ಕೆಟ್ಟವು. ಯಂತ್ರಗಳ ಒಳಗೆ ಡಿ ಡ್ರೈವ್ ಎನ್ನುವ ದೊಡ್ಡ ಭಾಗ ಬಹುತೇಕ ಖಾಲಿ ಬಿದ್ದಿತ್ತು. ಆದರೆ ಅದು ವಿಂಡೋಸಿನ ಜಾಗ. ಲಿನಕ್ಸಿಗೆಂದು ಅದನ್ನು ಒಡೆದು ಬೇರೆ ಭಾಗ ಮಾಡಿದರೆ ಕೊಟ್ಟ ಮಾತು ತಪ್ಪಿದಂತೆ. ಅವರು ಕಂಡುಕೊಂಡ ದಾರಿಯನ್ನು ನನಗೆ ವಿವರಿಸಿದ್ದು ಕಲ್ಮಲಾ ದಾಟಿದ ಮೇಲೆ, ನಮ್ಮ ಬಸ್ಸು ಪಂಕ್ಚರಾಗಿ ರಸ್ತೆ ಬದಿಯಲ್ಲಿ ನಿಂತಿದ್ದಾಗ.

"ರಾಯಚೂರಾಗ ನಾ ಬಾಡಿಗಿ ಮನಿ ಹುಡುಕೋ ಮುಂದ ಏನಾತು ಗೊತ್ತೇನ್ರಿ ಅಕ್ಕಾರ? ಮಾಲಕರು ಮೊದಲ ನೌಕರಿ ಕೇಳತಾರ. ಆಮ್ಯಾಲೆ ಊರು ಕೇಳತಾರ. ಆಮ್ಯಾಲೆ ಊರಾಗ ಯಾವ ಓಣಿ ಅಂತ ಕೇಳತಾರ. ಓಣಿ ಹೇಳಿದ ಮ್ಯಾಲೆ ಮನಿ ಖಾಲಿ ಇಲ್ಲ." ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ನಮ್ಮ ಓಣಿಯಲ್ಲೂ ಹಾಗೆ ಕೇಳುವವರಿದ್ದಾರೆಂದು ನನಗೆ ಗೊತ್ತಿತ್ತು. "ಕಡೀಕ ಒಬ್ಬವ್ವ ಕೊಟ್ಟಳು. ಗ್ವಾಡಿಗೆ ಮೊಳಿ ಹೊಡಿಯಂಗಿಲ್ಲ, ಬಣ್ಣ ಬದಲ ಮಾಡಂಗಿಲ್ಲ ಅಂದಳು. ಆತವ್ವ ಅಂದೆ. ನಮ್ಮವ್ವನ ಟ್ರಂಕು ತಂದು ಮೂಲ್ಯಾಗ ಇಟ್ಟೆ. ನಮ್ಮ ಸಂಸಾರ ಎಲ್ಲಾ ಅದರಾಗ. ಗ್ವಾಡಿ ಅಕಿದು, ಟ್ರಂಕು ನಂದು. ಈಗ ಡಿ ಡ್ರೈವಿನಾಗ ಒಂದು ಟ್ರಂಕು ಇಡತೀನಿ."

ಆ ಟ್ರಂಕೆಂದರೆ ಒಂದೇ ಒಂದು ದೊಡ್ಡ ಫೈಲು. ವಿಂಡೋಸಿನ ಕಣ್ಣಿಗೆ ಅದು ಸಿನಿಮಾ ಫೈಲೋ ಹಾಡಿನ ಫೈಲೋ ಇದ್ದ ಹಾಗೆ ಒಂದು ಫೈಲು ಮಾತ್ರ. ಪೆನ್‌ಡ್ರೈವಿನ ಲಿನಕ್ಸ್ ಎದ್ದಾಗ ಮೊದಲು ಆ ಫೈಲನ್ನು ಹುಡುಕಿ, ತೆರೆದು, ಅದರೊಳಗೆ ತನ್ನ ನೆನಪನ್ನೆಲ್ಲ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಅಲ್ಲಿಂದಲೇ ಶುರು.

ಅಷ್ಟಾದರೂ ಕೇಳದೆ ಮಾಡಲಿಲ್ಲ. ಮತ್ತೆ ಪ್ರಾಂಶುಪಾಲರ ಬಳಿ ಹೋಗಿ ಒಂದು ಫೈಲು ಇಡುತ್ತೇನೆ, ಬೇಡವೆಂದ ದಿನ ಅಳಿಸುತ್ತೇನೆ ಎಂದರು. "ಫೈಲ್ ತಾನೇ? ಇಡ್ರಿ. ನಮ್ಮ ಕ್ಲಾರ್ಕು ಅದರಾಗ ಮಗನ ಮದವಿ ವಿಡಿಯೋನ ಇಟ್ಟಾನ," ಎಂದರು ಅವರು.

ಅಷ್ಟಕ್ಕೇ ಕಷ್ಟ ಮುಗಿಯಲಿಲ್ಲ. ಕೆಲವು ಯಂತ್ರಗಳಲ್ಲಿ ಟ್ರಂಕು ತೆರೆಯಿತು, ಕೆಲವುಗಳಲ್ಲಿ ಲಿನಕ್ಸು ಅದರೊಳಗೆ ಏನನ್ನೂ ಬರೆಯಲೊಲ್ಲದು. ಒಂದಿಡೀ ವಾರ ತಲೆ ಕೆಡಿಸಿಕೊಂಡು, ಆಮೇಲೊಂದು ಬೆಳಿಗ್ಗೆ ಬಸ್ ಹತ್ತುತ್ತಲೇ ನನ್ನ ತೋಳು ಹಿಡಿದು ಅಲುಗಿಸಿದರು.

"ಸಿಕ್ತರೀ! ಈ ವಿಂಡೋಸ್ ಪೂರಾ ಮಲಗಂಗಿಲ್ಲ. ಬಂದ್ ಮಾಡಿದ್ರೂ ಅರ್ಧ ಕಣ್ಣು ತೆರಕೊಂಡಿರತದ, ಮುಂಜಾನಿ ಜಲ್ದಿ ಏಳಬೇಕಂತ. ನಮ್ಮ ಲಿನಕ್ಸು ಹೋಗಿ ನೋಡಿದ್ರ, ಮನ್ಯಾಗ ಇನ್ನೂ ಮಂದಿ ಎಚ್ಚರ ಅದಾರ, ನಾ ಕೈ ಹಚ್ಚಂಗಿಲ್ಲ ಅಂತದ."

"ಹಂಗಾದ್ರ ಅದನ್ನ ಪೂರಾ ಮಲಗೋ ಹಂಗ ಮಾಡ್ರಿ."

"ಒಂದು ಕಡೆ ಒತ್ತಿದ್ರ ಆತು. ಆದ್ರ ಅದು ವಿಂಡೋಸಿನೊಳಗ ಬದಲ ಮಾಡಿದಂಗ. ಮಾತು ಕೊಟ್ಟೀನಲ್ಲ."

ಯಾರೂ ನೋಡುವವರಿರಲಿಲ್ಲ. ಪ್ರಾಂಶುಪಾಲರಿಗೆ ಅದು ತಿಳಿಯುತ್ತಲೂ ಇರಲಿಲ್ಲ. ಆದರೂ ಅವರು ಆ ಗುಂಡಿ ಒತ್ತಲಿಲ್ಲ. ಬದಲಿಗೆ ವಿಂಡೋಸನ್ನು ಮುಚ್ಚುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿಯಬೇಕು, ಆಗ ಅದು ಆ ಒಂದು ಸಲಕ್ಕೆ ಪೂರ್ತಿ ಮಲಗುತ್ತದೆ ಎಂದು ಎಲ್ಲ ವಿದ್ಯಾರ್ಥಿಗಳಿಗೂ, ಕೊನೆಗೆ ಕ್ಲಾರ್ಕಿಗೂ ಕಲಿಸಿದರು. ಮರೆತವರನ್ನು ಬೈದರು. ತಾವೇ ಮರೆತ ದಿನ ಗಡಿಯಾರವನ್ನು ಬೈದರು.

ಗೂಗಲ್ಲಿನ ಹುಡುಗಿಯ ನೀರಿನ ಸರದಿ ಮತ್ತೆ ಬೆಳೆಯಿತು. ಮಟಮಾರಿಯ ಒಬ್ಬ ಹುಡುಗ ಬಸ್ಸಿನ ವೇಳೆ ತೋರಿಸುವ ಪ್ರೋಗ್ರಾಮ್ ಮಾಡಿದ. ನಾನು ಅಲ್ಲೊಂದು ಯಂತ್ರದಲ್ಲಿ ಕೂತು ನನ್ನ ಪಾಠದ ಟಿಪ್ಪಣಿಗಳನ್ನು ಕನ್ನಡದಲ್ಲಿ ಟೈಪ್ ಮಾಡಲು ಕಲಿತೆ. ಪ್ರತಿ ಸಾಲಿಗೂ ಒಂದು ತಪ್ಪು ಮಾಡುತ್ತಿದ್ದೆ. "ಅಕ್ಕಾರ, ಒತ್ತಕ್ಷರಕ್ಕ ಒತ್ತಬೇಕು, ಗುದ್ದಬಾರದು" ಎನ್ನುತ್ತಿದ್ದರು.

ಸೆಮಿಸ್ಟರ್ ಮುಗಿದ ಮೇಲೆ ಅತಿಥಿ ಉಪನ್ಯಾಸಕರಿಗೆ ಬಿಡುಗಡೆ. ಪ್ರಾಯೋಗಿಕ ಪರೀಕ್ಷೆಗೆ ಮಾತ್ರ ಒಂದು ದಿನ ಕರೆಯುತ್ತಾರೆ. ಆ ವರ್ಷ ಪರೀಕ್ಷೆಗೆ ಇನ್ನು ಕೆಲವೇ ದಿನಗಳಿದ್ದವು. ಮೇಡಂ ಮಾನ್ವಿಗೆ ಹೋಗಿದ್ದರು. ಅವರ ಗಂಡ ಅಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮಧ್ಯಾಹ್ನ ಗೂಗಲ್ಲಿನ ಹುಡುಗಿ ಸ್ಟಾಫ್ ರೂಮಿಗೆ ಓಡಿ ಬಂದಳು.

"ಮೇಡಂ, ಲ್ಯಾಬಿಗೆ ಯಾರೋ ಬಂದಾರ. ಎಲ್ಲಾ ಅಳಿಸಾಕತ್ತಾರ!"

ಹೋಗಿ ನೋಡಿದರೆ ಯಂತ್ರಗಳ ಉಸ್ತುವಾರಿಯ ಕಡೆಯಿಂದ ಬಂದಿದ್ದ ಒಬ್ಬ ಯುವಕ. ಒಂದೊಂದನ್ನೇ ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುತ್ತಿದ್ದ. ಸಭ್ಯ ಹುಡುಗ. "ಮೇಡಂ, ಫಾರ್ಮ್ಯಾಟ್ ಮಾಡು ಅಂದಾರ, ಮಾಡಾಕತ್ತೀನಿ," ಎಂದ. ನಾನು ಮೇಡಂಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ.

ಅವರು ಕೂಗಾಡಬಹುದೆಂದುಕೊಂಡಿದ್ದೆ. ಕೂಗಾಡಲಿಲ್ಲ. "ಅಣ್ಣಾ, ನಿನ್ನ ಕೆಲಸ ನೀ ಮಾಡು. ಅದಕ್ಕ ಮೊದಲ ಡಿ ಒಳಗ ಒಂದು ದೊಡ್ಡ ಫೈಲ್ ಅದ ನೋಡು. ಅದನ್ನ ಕಾಪಿ ಮಾಡಿ ತಗೊಂಡ್ರ ಆತು."

"ಅದನ್ನ ವೈರಸ್ ಇರಬೇಕು ಅಂದ್ಕೊಂಡೆರಿ ಮೇಡಂ. ಅರ್ಧ ಮಿಷನ್ ಮುಗದಾವ."

ಮಕ್ಕಳ ಒಂದು ವರ್ಷದ ಕೆಲಸ, ಪರೀಕ್ಷೆ ಎದುರಿಗೆ. ಕೆಲವರು ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತಿದ್ದರು. ಗೂಗಲ್ಲಿನ ಹುಡುಗಿ ಮುಂದೆ ಬಂದು ಫೋನಿನ ಮೇಲೆ ಬಗ್ಗಿದಳು.

"ಮೇಡಂ, ಬೈಬ್ಯಾಡ್ರಿ. ಕಪಾಟಿನಾಗ ನಿಮ್ಮ ಮನಿ ಹಾರ್ಡ್ ಡಿಸ್ಕ್ ಅದ ಅಲ್ರೀ, ಟವೆಲ್ಲಿನಾಗ ಸುತ್ತಿದ್ದು. ಅದರಾಗ ಎಲ್ಲಾರದೂ ಕಾಪಿ ಮಾಡಿಟ್ಟೀನಿ. ಶನಿವಾರ ಶನಿವಾರ ಮಾಡತೀನಿ."

"ಎಲ್ಲಾರದೂ?"

"ಎಲ್ಲಾರದೂ ಮೇಡಂ. ನಂದು ಒಂದು ಸಲ ಹೋಗಿತ್ತಲ್ರೀ."

ಶನಿವಾರ ಅರ್ಧ ದಿನದ ಕಾಲೇಜು ಬಿಟ್ಟರೂ ಅವಳು ಊರಿನ ಬಸ್ಸು ತಪ್ಪಿಸಿಕೊಂಡು ಸಂಜೆಯವರೆಗೆ ಯಾಕೆ ಉಳಿಯುತ್ತಾಳೆಂದು ನಾವೆಲ್ಲ ಏನೇನೋ ಅಂದುಕೊಂಡಿದ್ದೆವು. ಒಂದೊಂದು ಟ್ರಂಕೂ ದೊಡ್ಡದು, ಕಾಪಿಯಾಗಲು ಹೊತ್ತು ಹಿಡಿಯುತ್ತಿತ್ತು. ಅದನ್ನೇ ಕಾಯುತ್ತ ಕೂತಿರುತ್ತಿದ್ದಳು. ಮೇಡಂ "ಉಂಡೀಯೇನು?" ಎಂದು ಕೇಳಿದರು. ಅಷ್ಟೇ.

ವಿಂಡೋಸ್ ಹಾಕಿ ಮುಗಿಸಿದ ಮೇಲೆ ಆ ಯುವಕನೇ ಕೂತು ಫೈಲುಗಳನ್ನು ವಾಪಸು ಡಿ ಡ್ರೈವಿಗೆ ಹಾಕಿಕೊಟ್ಟ. ಮಟಮಾರಿಯ ಹುಡುಗನ ಈಚಿನ ಎರಡು ದಿನದ ಕೆಲಸ ಹೋಗಿತ್ತು, ಅವನು ಪರೀಕ್ಷೆ ಮುಗಿಯುವ ತನಕ ಗೊಣಗಿದ. ಉಳಿದವರದೆಲ್ಲ ಇತ್ತು. ಹೋಗುವಾಗ ಯುವಕ ತನ್ನ ಲ್ಯಾಪ್‌ಟಾಪಿಗೂ ಅಂಥದ್ದೇ ಒಂದು ಟ್ರಂಕನ್ನು ಮಾಡಿಸಿಕೊಂಡು ಹೋದ. ಮಾಡಿಕೊಟ್ಟವಳು ಗೂಗಲ್ಲಿನ ಹುಡುಗಿ.

ಮುಂದಿನ ವರ್ಷ ನಮ್ಮ ಕಾಲೇಜಿಗೆ ಕಂಪ್ಯೂಟರ್ ವಿಷಯಕ್ಕೆ ಕಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರು. ಕಾಯಮಿನವರು ಬಂದರೆ ಅತಿಥಿಗೆ ಕೆಲಸವಿಲ್ಲ. ಮೇಡಂ ಬಂದವರಿಗೆ ಲ್ಯಾಬನ್ನು ತೋರಿಸಿ, ಶಿಫ್ಟ್ ಕೀಲಿಯನ್ನು ಎರಡೆರಡು ಸಲ ಹೇಳಿ, ಬಸ್ ಹತ್ತಿದರು. ಅವತ್ತು ಕಿಟಕಿ ಪಕ್ಕ ಕೂರುತ್ತೇನೆಂದರು. ಬಸ್ಸು ಗಬ್ಬೂರು ದಾಟಿತು.

"ಹೊಟ್ಟಿ ಉರಿಯಾಕತ್ತದರೀ ಅಕ್ಕಾರ, ಸುಳ್ಳು ಯಾಕ ಹೇಳಲಿ," ಎಂದರು ಕೊನೆಗೆ. "ಆ ಸರ್ ಮ್ಯಾಲೆ ಅಲ್ಲ. ಅವರೇನು ಮಾಡ್ಯಾರ ಪಾಪ. ಲ್ಯಾಬ್ ಮ್ಯಾಲೆ ಜೀವ ಹತ್ತಿತ್ತು." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮಾನ್ವಿಯ ಮನೆಗೆ ಮುಂದೊಂದು ಕೋಣೆ ಇದೆ, ರಸ್ತೆಗೇ ಬಾಗಿಲು, ಅಲ್ಲೇ ಏನಾದರೂ ಶುರು ಮಾಡುತ್ತೇನೆ ಎಂದರು. ಇಳಿಯುವಾಗ ಛತ್ರಿ ಮರೆತರು. ಕೂಗಿ ಕೊಟ್ಟೆ.

ಶುರು ಮಾಡಿಯೂ ಬಿಟ್ಟರು. ಕೋಣೆಯಲ್ಲಿ ಅವರ ಸ್ವಂತದ ಯಂತ್ರಗಳು ಕಡಿಮೆ. ಬರುವವರು ಮನೆಯ ಲ್ಯಾಪ್‌ಟಾಪನ್ನೇ ತರಬಹುದು, ಮನೆಯವರ ಒಂದು ಫೋಟೋ ಕೂಡ ಅಲುಗದಂತೆ ಕಲಿಸುತ್ತೇನೆ ಎಂದು ಬಾಯಿಂದ ಬಾಯಿಗೆ ಹರಡಿಸಿದರು. ಶಾಲೆಯ ಮಕ್ಕಳು ಬಂದರು, ಮಕ್ಕಳನ್ನು ಬಿಡಲು ಬಂದ ತಾಯಂದಿರು ಬಾಗಿಲಲ್ಲಿ ನಿಂತು ನೋಡಿ ಆಮೇಲೆ ತಾವೂ ಒಳಗೆ ಬಂದರು.

ಹೀಗೇ ಕೆಲವು ವರ್ಷ ಕಳೆದವು. ಈ ವರ್ಷ ನಮ್ಮ ಕಾಯಂ ಉಪನ್ಯಾಸಕರು ಮತ್ತೆ ವರ್ಗವಾಗಿ ಹೋದರು. ಪ್ರಾಂಶುಪಾಲರು ನನ್ನನ್ನು ಕರೆದು, "ಆ ಮೇಡಂಗ ಕೇಳ್ರಿ, ಅರ್ಜಿ ಹಾಕ್ರಿ ಅಂತ ಹೇಳ್ರಿ," ಎಂದರು. ನಾನು ಸಂಭ್ರಮದಿಂದಲೇ ಫೋನು ಮಾಡಿದೆ. ಆ ಕಡೆಯಿಂದ ನಗು ಕೇಳಿತು.

"ನಾ ಬರಂಗಿಲ್ಲರೀ ಅಕ್ಕಾರ. ಇಲ್ಲಿ ಮಂದಿ ನನ್ನ ದಾರಿ ಕಾಯತಾರ. ಗೂಗಲ್ಲಿನಾಕಿ ಎಂಸಿಎ ಮುಗಿಸ್ಯಾಳ, ಗೊತ್ತಿಲ್ಲೇನು? ಅಕಿಗೆ ಹಾಕಿಸ್ರಿ."

ಹಾಕಿಸಿದೆವು. ಅವಳಿಗೇ ಸಿಕ್ಕಿತು. ಮೊದಲ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು ಲ್ಯಾಬಿಗೆ ಹೋದಳು. ನಡುವೆ ಒಂದೆರಡು ಸಲ ಧ್ವನಿ ನಡುಗಿದ್ದು ಕಾರಿಡಾರಿನಲ್ಲಿದ್ದ ನನಗೆ ಕೇಳಿಸಿತು. ಗಂಟೆ ಹೊಡೆದ ಮೇಲೂ ಮಕ್ಕಳು ಹೊರಗೆ ಬರಲಿಲ್ಲ.

ಸಂಜೆ ಅದನ್ನು ಹೇಳಲೆಂದು ಮಾನ್ವಿಗೆ ಫೋನು ಮಾಡಿದೆ. ಅರ್ಧ ಹೇಳಿರಬಹುದು. "ತಡೀರಿ ಅಕ್ಕಾರ, ಯಾರೋ ಹೊಸಬರು ಬಂದಾರ," ಎಂದು ಅವರು ಫೋನನ್ನು ಕಟ್ ಮಾಡದೆ ಮೇಜಿನ ಮೇಲೆ ಇಟ್ಟರು. ಮಕ್ಕಳ ಗದ್ದಲ, ಯಾರೋ ಕುರ್ಚಿ ಎಳೆದ ಸದ್ದು. ನಡುವೆ ಒಬ್ಬ ಹೆಂಗಸಿನ ಸಣ್ಣ ದನಿ.

"ನಮ್ಮ ಮನ್ಯಾರದು ಲ್ಯಾಪ್‌ಟಾಪ್‌ರಿ. ಅಂಗಡಿ ಹಿಸಾಬು ಎಲ್ಲಾ ಇದರಾಗ ಅದ. ಒಂಚೂರು ಆಕಡೆ ಈಕಡೆ ಆದ್ರ ನನ್ನ ಸುಮ್ನ ಬಿಡಂಗಿಲ್ಲ. ಕಲೀಬೇಕಂತ ಆಸೆ ಅದ, ಅಂಜಿಕಿನೂ ಅದ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಕುಂದ್ರವ್ವಾ, ಮೊದಲ ನೀರು ಕುಡಿ," ಎನ್ನುತ್ತಿದ್ದರು ಮೇಡಂ. "ಅವರದು ಅವರ ಜಾಗಾದಾಗ ಹಂಗ ಇರಲಿ. ಇದರಾಗ ನಿನಗೂ ಒಂದು ಜಾಗಾ ಮಾಡೋಣ. ಅದಕ್ಕ ಹೆಸರೇನಿಡೋಣ ಹೇಳು?"